ಕಿಮ್ಸ್ ಅಂಗಳದಲ್ಲಿ ಹದಿನೇಳು ದಿನ

ಯಾತ್ರೆಯೆಂದೊಡನೆ ನಮ್ಮ ಸದ್ಭಕ್ತರ ಮನಸ್ಸು ಕೂಡಲಸಂಗಮಕ್ಕೋ, ಬಸವಕಲ್ಯಾಣಕ್ಕೋ, ಉಳವಿಗೋ, ಶ್ರೀಶೈಲಕ್ಕೋ ಹೋಗುವುದು ಸಹಜ. ಅಂತಹ ಕ್ಷೇತ್ರಗಳ ವಿಷಯವಾಗಿ ನಾವೂ ಹಲವು ಸಲ ಬರೆದಿದ್ದೇವೆ. ಈ ಸಲ ಬರೆಯಹೊರಟಿರುವುದು ಕ್ಷೇತ್ರಮಹಿಮೆಯನ್ನಲ್ಲ. ಒಂದು ಆಸ್ಪತ್ರೆಯ ಅಂಗಳವನ್ನು ಕುರಿತು. ಅಲ್ಲಿಗೆ ನಾವು ಬಯಸಿ ಹೋದವರಲ್ಲ. 2024ರ ಕಾರ್ತಿಕ ಮಾಸದಲ್ಲಿ ನಮ್ಮ ಅಕ್ಕನವರು ಬ್ಯಾಡಗಿ ತಾಲ್ಲೂಕಿನ ತಮ್ಮ ಹಳ್ಳಿಯಲ್ಲಿ ಹಿತ್ತಲ ಕಟ್ಟೆಯಿಂದ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡರು. 108 ವಾಹನದಲ್ಲಿ ಮೊದಲು ಹಾವೇರಿಗೂ ಅಲ್ಲಿಂದ ಹುಬ್ಬಳ್ಳಿಗೂ ಅವರನ್ನು ಸಾಗಿಸಲಾಯಿತು. ಅಕ್ಕನ ಮಗ, ಸೊಸೆ, ಇವರೊಡನೆ ನಾವೂ ಹೊರಟೆವು. ಎರಡು ದಿನದ ಮಾತೆಂದು ಹೋದವರು ಹದಿನೇಳು ದಿನ ಅಲ್ಲಿ ಉಳಿಯಬೇಕಾಯಿತು. ಆ ದಿನಗಳಲ್ಲಿ ಕಂಡುದನ್ನೂ, ನಮ್ಮಲ್ಲಿಯೇ ಕಂಡುಕೊಂಡ ಒಂದು ಕೊರತೆಯನ್ನೂ ವಾಚಕ ಬಂಧುಗಳ ಮುಂದೆ ನಿವೇದಿಸಿಕೊಳ್ಳುವುದು ಈ ಲೇಖನದ ಉದ್ದೇಶ.

ದಾರಿ ಮತ್ತು ಸ್ಥಳ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಯ ಬದಿಯಲ್ಲಿ, ವಿದ್ಯಾನಗರದಲ್ಲಿ ಈ ಆಸ್ಪತ್ರೆಯಿದೆ. ಮೈಸೂರು ರಾಜ್ಯವು ಏಕೀಕರಣಗೊಂಡ ಮರುವರ್ಷವೇ, ಎಂದರೆ 1957ರಲ್ಲಿ, ಇಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಆರಂಭವಾಯಿತು. ಮುಂದೆ ಅದು ಕರ್ನಾಟಕ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಾಗಿ ‘ಕಿಮ್ಸ್’ ಎಂಬ ಹೆಸರು ಪಡೆಯಿತು. ಈಗ ಅದರ ಅಧಿಕೃತ ಹೆಸರು ಕರ್ನಾಟಕ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆ ಎಂದಿದ್ದರೂ ಜನರ ಬಾಯಲ್ಲಿ ಉಳಿದಿರುವುದು ಕಿಮ್ಸ್ ಎಂಬುದೇ. ವಯಸ್ಸಾದ ಕೆಲವರು ಇನ್ನೂ ‘ಕೆ.ಎಂ.ಸಿ.’ ಎನ್ನುವುದುಂಟು. ಹೆಸರು ಯಾವುದಾದರೂ ಆಗಲಿ, ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ, ಕೊಪ್ಪಳ, ಬಾಗಲಕೋಟೆ ಮೊದಲಾದ ಜಿಲ್ಲೆಗಳ ಬಡವರಿಗೆ ಕಷ್ಟಕಾಲದಲ್ಲಿ ನೆನಪಾಗುವ ಬಾಗಿಲು ಇದೇ.

ಹುಬ್ಬಳ್ಳಿ-ಧಾರವಾಡಗಳ ನಡುವೆ 2018ರಿಂದ ಓಡುತ್ತಿರುವ ‘ಚಿಗರಿ’ ಬಸ್ಸುಗಳು ಆಸ್ಪತ್ರೆಯ ಮುಂದೆಯೇ ನಿಲ್ಲುತ್ತವೆ. ಚಿಗರಿಯೆಂದರೆ ನಮ್ಮ ಕಡೆಯ ಮಾತಿನಲ್ಲಿ ಜಿಂಕೆ. ನಾವು ಕುಳಿತ ಬಸ್ಸಿನಲ್ಲಿ ಅರ್ಧ ಜನ ಕಾಲೇಜಿನ ಹುಡುಗ-ಹುಡುಗಿಯರು. ಇನ್ನರ್ಧ ಜನರ ಮಡಿಲಲ್ಲಿ ಬುತ್ತಿಯ ಗಂಟು, ಕೌದಿ, ನೀರಿನ ಬಾಟಲಿ, ಎಕ್ಸ್‌ರೇ ಚೀಲ. ಕಿಮ್ಸ್ ನಿಲ್ದಾಣ ಬಂದೊಡನೆ ಆ ಅರ್ಧ ಬಸ್ಸು ಇಳಿಯುತ್ತದೆ. ಅವರ ಹಿಂದೆ ನಡೆದರೆ ಸಾಕು, ಯಾರನ್ನೂ ದಾರಿ ಕೇಳುವ ಕಾರಣವಿಲ್ಲ.

ಬೆಳಗಿನ ಜಾವ ಐದು ಗಂಟೆಗೆ ಆ ಬೀದಿ ಎಚ್ಚರಗೊಳ್ಳುತ್ತದೆ. ಮೊದಲು ಚಹಾದಂಗಡಿಯ ಒಲೆ ಹೊತ್ತುವುದು. ಅನಂತರ ಬಿಸಿನೀರು ಕೇಳುವವರು ತಂಬಿಗೆ, ಫ್ಲಾಸ್ಕುಗಳನ್ನು ಹಿಡಿದು ಅಲ್ಲಿಗೆ ಬರುವರು. ಹಸುಗೂಸಿನ ಹಾಲು ಕಾಯಿಸಿಕೊಡಲು ಆ ಅಂಗಡಿಯವನು ಕಾಸು ಪಡೆಯುವುದನ್ನು ನಾವು ಕಾಣಲಿಲ್ಲ. ಎಳನೀರಿನ ಗಾಡಿ, ಬಾಳೆಹಣ್ಣಿನ ಬುಟ್ಟಿ, ಉಪ್ಪಿಟ್ಟಿನ ಡಬ್ಬಿ, ಚಾಪೆ-ಬಕೆಟ್ಟು-ಚೊಂಬುಗಳ ಅಂಗಡಿ, ಸಾಲುಸಾಲಾಗಿ ಔಷಧದಂಗಡಿಗಳು, ಆಟೋದವರು. ಮನೆಯಿಂದ ಅವಸರದಲ್ಲಿ ಹೊರಟವರು ಏನೇನು ಮರೆತು ಬಂದಿರುತ್ತಾರೆಂಬುದು ಆ ಅಂಗಡಿಕಾರರಿಗೆ ಬಾಯಿಪಾಠ. ಸಂಜೆಯ ಹೊತ್ತಿಗೆ ಮಿರ್ಚಿ, ಗಿರ್ಮಿಟ್ಟಿನ ಗಾಡಿಗಳೂ ಬರುತ್ತವೆ. ಹತ್ತು ದಿನ ರೋಗಿಯ ಪಕ್ಕದಲ್ಲಿ ಕುಳಿತವನಿಗೆ ಒಂದು ಪೊಟ್ಟಣ ಗಿರ್ಮಿಟ್ಟು ಎಷ್ಟು ಸಮಾಧಾನ ಕೊಡಬಲ್ಲುದೆಂಬುದನ್ನು ಅನುಭವಿಸಿಯೇ ತಿಳಿಯಬೇಕು.

ಒಂದು ಹೊಸ ಊರು

ಸ್ತ್ರೀಯರ ವಾರ್ಡಿನಲ್ಲಿ ರಾತ್ರಿ ಗಂಡಸರು ಇರುವಂತಿಲ್ಲ. ಅದು ಸರಿಯಾದ ಕಟ್ಟಳೆಯೇ. ಸೊಸೆ ಒಳಗೆ ಉಳಿದಳು. ನಾವೂ ಅಳಿಯನೂ ಹೊರಗಿನ ಪಡಸಾಲೆಯಲ್ಲಿ ಚಾಪೆ ಹಾಸಿದೆವು. ಎಡಕ್ಕೆ ಮುಂಡರಗಿ ಕಡೆಯ ಒಬ್ಬ ಕುರಿಗಾರ, ಬಲಕ್ಕೆ ಸವಣೂರಿನ ಮುಸಲ್ಮಾನ ವೃದ್ಧ ದಂಪತಿಗಳು, ತುಸು ಆಚೆಗೆ ಶಿರಸಿಯ ಕಡೆಯ ಒಬ್ಬ ಅಡಿಕೆ ತೋಟದ ಆಳು. ಮರುದಿನ ಬೆಳಗಾಗುವಷ್ಟರಲ್ಲಿ ಇವರ ಮನೆಯ ಸುಖದುಃಖಗಳೆಲ್ಲ ನಮಗೆ ತಿಳಿದಿದ್ದವು. ನಮ್ಮವು ಅವರಿಗೆ ತಿಳಿದಿದ್ದವು.

ಆ ಪಡಸಾಲೆಯು ಒಂದು ಊರೇ ಸರಿ. ಅಲ್ಲಿ ಬರೆದಿಡದ ಕಟ್ಟಳೆಗಳಿವೆ. ಯಾರಾದರೂ ಚೀಟಿಯ ಪಾಳಿಗೆ ನಿಂತರೆ ಅವರ ಗಂಟನ್ನು ನೆರೆಯವರು ಕಾಯಬೇಕು. ಓದುಬರಹ ಬಲ್ಲವರು ಬಾರದವರಿಗೆ ಔಷಧದ ಚೀಟಿಯನ್ನು ಓದಿಹೇಳಬೇಕು. ಮೊಬೈಲಿಗೆ ವಿದ್ಯುತ್ ತುಂಬಿಸುವಾಗ ಸರದಿ ತಪ್ಪಿಸಬಾರದು. ಒಳಗಿನಿಂದ ಅಳುವ ದನಿ ಕೇಳಿದರೆ ಎಲ್ಲರೂ ಮಾತು ನಿಲ್ಲಿಸಬೇಕು. ಹಳೆಯ ಕೈಗಳು ಹೊಸಬರಿಗೆ ರಕ್ತಪರೀಕ್ಷೆ ಎಲ್ಲಿ, ಎಕ್ಸ್‌ರೇ ಎಲ್ಲಿ, ಕುಡಿಯುವ ನೀರು ಎಲ್ಲಿ ಎಂಬುದನ್ನು ತೋರಿಸಿಕೊಡುವರು. ನಾಲ್ಕನೆಯ ದಿನಕ್ಕೆ ನಾವೂ ಹಳಬರಾಗಿ ಹೊಸಬರಿಗೆ ದಾರಿ ತೋರಿಸತೊಡಗಿದೆವು.

ಬಾಲ್ಯದಿಂದ ಮಠದ ಪ್ರಸಾದನಿಲಯದಲ್ಲಿ ಬೆಳೆದವರಾದ್ದರಿಂದ ಇಷ್ಟಲಿಂಗಪೂಜೆಯಾಗದೆ ನೀರನ್ನೂ ಮುಟ್ಟದ ಅಭ್ಯಾಸ ನಮ್ಮದು. ಮೊದಲ ಬೆಳಗಿನಲ್ಲಿ ವಿಭೂತಿ, ಕರಡಿಗೆ, ವಸ್ತ್ರಗಳನ್ನು ಹಿಡಿದು, ಎಲ್ಲಿ ಕುಳಿತುಕೊಳ್ಳಬೇಕೆಂದು ತಿಳಿಯದೆ ನಿಂತಿದ್ದೆವು. ಸವಣೂರಿನ ಆ ಅಜ್ಜಿ ಏನನ್ನೂ ಕೇಳದೆ ತನ್ನ ಚಾಪೆ ಸುತ್ತಿ, ಗೋಡೆಯ ಮೂಲೆಯನ್ನು ಸೆರಗಿನಿಂದ ಒರೆಸಿ, “ಇಲ್ಲಿ ಕುಂದರ್ರಿ ಅಣ್ಣಾ, ಈ ಕಡೆ ಯಾರೂ ಬರಂಗಿಲ್ಲ” ಎಂದಳು. ತನ್ನ ಪತಿಗೆ ಮಾತನಾಡದಂತೆ ಕಣ್ಸನ್ನೆ ಮಾಡಿದಳು. ನಾವು ಲಿಂಗವನ್ನು ಕರಸ್ಥಲದಲ್ಲಿಟ್ಟು ಪೂಜೆ ಮುಗಿಸುವವರೆಗೂ ಅವಳು ಅತ್ತ ಮುಖಮಾಡಿ ಜನ ಹಾಯದಂತೆ ಕಾವಲು ಕುಳಿತಿದ್ದಳು. ಮುಂದೆ ಪ್ರತಿದಿನವೂ ಆ ಮೂಲೆ ನಮಗಾಗಿ ತೆರವಾಗಿರುತ್ತಿತ್ತು. ಮಧ್ಯಾಹ್ನದ ಬುತ್ತಿ ಬಿಚ್ಚಿದಾಗ ನಮ್ಮ ಶೇಂಗಾ ಹಿಂಡಿ ಅವರಿಗೆ ಹೋಯಿತು. ಅವರ ಜೋಳದ ರೊಟ್ಟಿ ನಮ್ಮ ಕೈಗೆ ಬಂದಿತು. ಒಂದು ಕ್ಷಣ ನಮ್ಮ ಕೈ ತಡೆಯಿತೆಂಬುದನ್ನು ಮರೆಮಾಚಲಾರೆವು. ನಲವತ್ತು ವರ್ಷ ಶರಣಧರ್ಮವನ್ನು ಬೋಧಿಸಿದ ಕೈ ಅದು. ಅಜ್ಜಿ ಅದನ್ನು ಕಂಡಳೋ ಇಲ್ಲವೋ; ನಾವು ರೊಟ್ಟಿ ಮುರಿದು ಬಾಯಿಗಿಟ್ಟೆವು.

ಮಠವೇ ಆಸ್ಪತ್ರೆಯಾಗಿದ್ದ ಕಾಲ

ಆ ಮಧ್ಯಾಹ್ನ ಪಡಸಾಲೆಯಲ್ಲಿ ಒರಗಿ ಕುಳಿತಾಗ ಬಳ್ಳಿಗಾವಿಯ ಒಂದು ಶಾಸನ ನೆನಪಾಯಿತು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಅಲ್ಲಮಪ್ರಭುಗಳ ಹುಟ್ಟೂರೆಂದು ಪ್ರಸಿದ್ಧವಾದ ಸ್ಥಳ. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವೊಂದು ವಿದ್ವಾಂಸರಿಗೆ ಸುಪರಿಚಿತ. ಅದು ಬಸವಣ್ಣನವರ ಕಾಲವೇ. ಬಿಜ್ಜಳನ ಆಳ್ವಿಕೆಯ ಕಾಲ. ವೇದ, ವ್ಯಾಕರಣ, ದರ್ಶನಗಳ ಅಧ್ಯಯನ ನಡೆಯುತ್ತಿದ್ದ ಆ ಕಾಳಾಮುಖ ಮಠದಲ್ಲಿ ದೀನರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನವಿಕ್ಕುತ್ತಿದ್ದರೆಂದೂ, ಅನಾಥ ರೋಗಿಗಳಿಗೆ ಔಷಧೋಪಚಾರ ನಡೆಯುತ್ತಿತ್ತೆಂದೂ ಆ ಶಾಸನ ಹೇಳುತ್ತದೆ. ವಿದ್ಯಾಲಯ, ಅನ್ನಛತ್ರ, ವೈದ್ಯಶಾಲೆ ಮೂರೂ ಒಂದೇ ಸೂರಿನ ಕೆಳಗೆ ಇದ್ದವೆಂದಾಯಿತು.

ಶರಣರಲ್ಲಿಯೂ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದನು. ರೋಗ, ಮದ್ದು, ಪಥ್ಯಗಳ ಪರಿಭಾಷೆಯಲ್ಲಿಯೇ ಅವನು ಅನುಭಾವವನ್ನು ನುಡಿದನು. ವೈದ್ಯವೂ ಒಂದು ಕಾಯಕ. ಆ ಕಾಯಕದಿಂದ ಬಂದುದನ್ನು ಹಂಚಿಕೊಳ್ಳುವುದು ದಾಸೋಹ. ಇದು ನಾವೆಲ್ಲ ಬಲ್ಲ ಮಾತು. ಆದರೆ ಇಂದು ವಿದ್ಯಾಲಯ, ಅನ್ನಛತ್ರ, ವೈದ್ಯಶಾಲೆ ಬೇರೆಬೇರೆಯಾಗಿವೆ. ರೋಗಿಗೆ ಮಂಚವೂ ಮದ್ದೂ ಸರಕಾರದಿಂದ ಸಿಗುತ್ತದೆ. ರೋಗಿಯ ಪಕ್ಕದಲ್ಲಿ ಕುಳಿತವರ ಹಸಿವು-ನಿದ್ರೆಗಳು ಯಾವ ಲೆಕ್ಕದ ಪುಸ್ತಕದಲ್ಲಿಯೂ ಇಲ್ಲ. ಹಳೇ ಹುಬ್ಬಳ್ಳಿಯ ಸಿದ್ಧಾರೂಢರ ಮಠಕ್ಕೆ ಹೋಗಿ ಪ್ರಸಾದ ಸ್ವೀಕರಿಸಿ ಬರುತ್ತಿದ್ದ ಕೆಲವರನ್ನು ನಾವು ಕಂಡೆವು. ಸಿದ್ಧಾರೂಢರು 1929ರಲ್ಲಿ ಲಿಂಗೈಕ್ಯರಾದರೂ ಆ ಒಲೆ ಆರಿಲ್ಲ. ರೋಗಿಯನ್ನು ಬಿಟ್ಟು ಅಷ್ಟು ದೂರ ಹೋಗಲಾರದವರ ಸಂಖ್ಯೆಯೇ ಹೆಚ್ಚು.

ವಸತಿಗೃಹದ ಬಾಗಿಲಲ್ಲಿ ಒಂದು ಪ್ರಶ್ನೆ

ಕಾರ್ತಿಕದ ಚಳಿಗೆ ಮೂರನೆಯ ದಿನ ನಮ್ಮ ಬೆನ್ನು ಹಿಡಿದುಕೊಂಡಿತು. ನಗರದಲ್ಲಿ ನಮ್ಮ ಸಮಾಜದವರೇ ಕಟ್ಟಿಸಿದ ಒಂದು ವಸತಿಗೃಹವಿದೆಯೆಂದು ಪರಿಚಿತರೊಬ್ಬರು ತಿಳಿಸಿದರು. ಅದರ ಹೆಸರು ಇಲ್ಲಿ ಬೇಡ. ಕಲ್ಲಿನ ಕಟ್ಟಡ; ಬಾಗಿಲ ಮೇಲೆ ಬಸವಣ್ಣನವರ ಭಾವಚಿತ್ರ. ವ್ಯವಸ್ಥಾಪಕರು ವಿನಯದಿಂದಲೇ ಮಾತನಾಡಿಸಿದರು. ಊರು ಕೇಳಿದರು, ಹೆಸರು ಕೇಳಿದರು. ಕಡೆಗೆ, “ತಾವು ಯಾವ ಪಂಗಡದವರ್ರಿ?” ಎಂದರು. ಲಿಂಗವಂತರೆಂದಷ್ಟೇ ಹೇಳಿದೆವು. “ಅದು ಸರಿರಿ, ಅದರಾಗ ಯಾರ ಪೈಕಿ?” ಎಂದು ಮತ್ತೆ ಕೇಳಿದರು. ನಾವು ಹೇಳಿದೆವು. ಅವರ ಮುಖ ಅರಳಿತು. ಬೀಗದ ಕೈ ಕೊಟ್ಟರು.

ನಮ್ಮ ಹಿಂದೆ ಕೊಪ್ಪಳ ಜಿಲ್ಲೆಯ ಒಬ್ಬ ರೈತ ನಿಂತಿದ್ದ. ಪತ್ನಿಯ ಚಿಕಿತ್ಸೆಗಾಗಿ ಹತ್ತು ದಿನದಿಂದ ಅವನೂ ಅದೇ ಪಡಸಾಲೆಯಲ್ಲಿದ್ದವನು. ಅವನಿಗೂ ಅದೇ ಪ್ರಶ್ನೆ. ಅವನ ಉತ್ತರ ಕೇಳಿದ ಮೇಲೆ ಕೊಠಡಿಗಳೆಲ್ಲ ತುಂಬಿವೆಯೆಂಬ ಮಾತು ಬಂದಿತು. ಗೋಡೆಯ ಹಲಗೆಯ ಮೇಲೆ ಇನ್ನೂ ಎರಡು ಬೀಗದ ಕೈಗಳು ತೂಗುತ್ತಿದ್ದುದನ್ನು ಅವನೂ ಕಂಡ, ನಾವೂ ಕಂಡೆವು. ಅವನು ಕೈಮುಗಿದು ಹೊರಟುಹೋದ. ನಾವು ಮೇಲೇರಿ ಹೋಗಿ ಮಲಗಿದೆವು. ಒಂದು ಮಾತು ಕೇಳಬಹುದಾಗಿತ್ತು, ಕೇಳಲಿಲ್ಲ. ಬೆನ್ನುನೋವೆಂಬ ನೆಪ ಸಾಕಾಯಿತು. ಹೀಗೆ ನಾಲ್ಕು ರಾತ್ರಿ ಕಳೆದೆವು. ಹಗಲಿನಲ್ಲಿ ಪಡಸಾಲೆಯಲ್ಲಿ ಆ ರೈತ ಎದುರಾದಾಗಲೆಲ್ಲ, “ನಿದ್ದಿ ಬಂತರಿ ಅಜ್ಜಾರ?” ಎಂದು ಕೇಳುತ್ತಿದ್ದ. ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ನಮಗೆ ಸುಲಭವಾಗುತ್ತಿತ್ತು.

ಒಂದು ಚೀಲ ರಕ್ತ

ಏಳನೆಯ ದಿನ ವೈದ್ಯರು ನಮ್ಮನ್ನು ಕರೆದು ಶಸ್ತ್ರಚಿಕಿತ್ಸೆಯ ವಿಷಯವನ್ನು ಸಾವಧಾನವಾಗಿ ವಿವರಿಸಿದರು. ಅಕ್ಕನವರದು ಬಿ ನೆಗೆಟಿವ್ ರಕ್ತ. ನಮ್ಮ ದೇಶದಲ್ಲಿ ನೆಗೆಟಿವ್ ಗುಂಪಿನವರೆಲ್ಲ ಸೇರಿದರೂ ನೂರಕ್ಕೆ ಐದಾರು ಮಂದಿಗಿಂತ ಹೆಚ್ಚಿಲ್ಲ. ರಕ್ತನಿಧಿಯಲ್ಲಿ ಆ ಗುಂಪಿನದು ಒಂದು ಚೀಲವಿತ್ತು. ಇನ್ನೊಂದು ಸಿದ್ಧವಾಗಿದ್ದರೆ ಧೈರ್ಯವೆಂದರು.

ಒಡಹುಟ್ಟಿದವರಲ್ಲಿ ಗುಂಪು ಕೂಡುವ ಸಂಭವ ಹೆಚ್ಚೆಂದು ತಿಳಿದು ನಮ್ಮ ರಕ್ತವನ್ನು ಪರೀಕ್ಷಿಸಬೇಕೆಂದು ಕೇಳಿಕೊಂಡೆವು. ಅದೂ ಬಿ ನೆಗೆಟಿವ್ ಎಂದೇ ಬಂದಿತು. ನಮಗಾದ ಸಂತೋಷ ಅಷ್ಟಿಷ್ಟಲ್ಲ. ತೋಳು ಮಡಚಿ ಕುಳಿತೆವು. ರಕ್ತನಿಧಿಯ ತಾಯಿ ವಯಸ್ಸು ಕೇಳಿದಳು, ಅರವತ್ತಾರು ಎಂದೆವು. “ಹಿಂದೆ ಎಂದಾದರೂ ಕೊಟ್ಟೀರೇನ್ರಿ?” ಎಂದಳು. ಇಲ್ಲವೆಂದೆವು. ಮೊದಲ ಸಲ ರಕ್ತ ಕೊಡುವವರ ವಯಸ್ಸು ಅರವತ್ತನ್ನು ಮೀರಿರಬಾರದು. ಹಿಂದೆ ಕೊಟ್ಟು ರೂಢಿಯಿದ್ದವರಿಗೂ ಅರವತ್ತೈದೇ ಮಿತಿ. ಆಕೆ ಮೃದುವಾಗಿ ನಮ್ಮ ತೋಳಿನ ಅಂಗಿಯನ್ನು ಇಳಿಸಿದಳು.

ನಲವತ್ತೆರಡು ವರ್ಷಗಳ ಕಾಲ ಆ ಬಾಗಿಲು ನಮಗೆ ತೆರೆದಿತ್ತು. ಹದಿನೆಂಟು ತುಂಬಿದ, ಮೈತೂಕ ನಲವತ್ತೈದು ಕಿಲೋಗ್ರಾಮಿಗೆ ಕಡಿಮೆಯಿಲ್ಲದ ಆರೋಗ್ಯವಂತರು ಯಾರು ಬೇಕಾದರೂ ಕೊಡಬಹುದು. ಗಂಡಸರು ತೊಂಬತ್ತು ದಿನಗಳಿಗೊಮ್ಮೆ, ಹೆಂಗಸರು ನೂರಿಪ್ಪತ್ತು ದಿನಗಳಿಗೊಮ್ಮೆ ಕೊಡುವ ಅವಕಾಶವಿದೆ. ಒಂದು ಸಲಕ್ಕೆ ಪಡೆಯುವುದು 350 ಅಥವಾ 450 ಮಿಲಿಲೀಟರು. ವರ್ಷಕ್ಕೊಮ್ಮೆ ಕೊಟ್ಟಿದ್ದರೂ ನಲವತ್ತೆರಡು ಚೀಲ ಆಗುತ್ತಿತ್ತು. ದಾಸೋಹವನ್ನು ಕುರಿತು ನಾವು ಮಾಡಿದ ಉಪನ್ಯಾಸಗಳ ಸಂಖ್ಯೆ ಅದಕ್ಕಿಂತ ಹೆಚ್ಚು. ಕೊಟ್ಟ ರಕ್ತ ಮಾತ್ರ ಒಂದು ತೊಟ್ಟೂ ಇಲ್ಲ.

ಅಳಿಯನದು ಬೇರೆ ಗುಂಪು. ಬಂಧುಬಳಗದ ಇಪ್ಪತ್ತಮೂರು ಮಂದಿಗೆ ದೂರವಾಣಿ ಮಾಡಿದೆವು. ಅವರಲ್ಲಿ ಆರು ಜನರಿಗೆ ಮಾತ್ರ ತಮ್ಮ ರಕ್ತದ ಗುಂಪು ತಿಳಿದಿತ್ತು. ಒಬ್ಬರಿಗೆ ಮದುವೆಯ ಕೆಲಸ, ಒಬ್ಬರಿಗೆ ಗೋವಿನಜೋಳದ ರಾಶಿ, ಒಬ್ಬರಿಗೆ ನಿಶ್ಶಕ್ತಿಯಾದೀತೆಂಬ ಭಯ. ದೂಷಿಸಲು ನಮಗೆ ಅಧಿಕಾರವಿರಲಿಲ್ಲ. ಪಡಸಾಲೆಯಲ್ಲಿ ಈ ಸುದ್ದಿ ಹಬ್ಬಿ, ಮುಂಡರಗಿಯ ಕುರಿಗಾರ ಯಾರಿಂದಲೋ ಒಂದು ದೂರವಾಣಿ ಸಂಖ್ಯೆಯನ್ನು ತಂದುಕೊಟ್ಟ. ಸ್ವಯಂಸ್ಫೂರ್ತಿಯಿಂದ ರಕ್ತ ಕೊಡುವ ಹುಡುಗರ ಒಂದು ಗುಂಪಿನದು. ಕರೆ ಮಾಡಿದ ಒಂದೂವರೆ ಗಂಟೆಯೊಳಗೆ ಒಬ್ಬ ತರುಣ ಬಂದು ನಿಂತ. ಅಮರಗೋಳದ ಮಾರುಕಟ್ಟೆ ಪ್ರಾಂಗಣದಲ್ಲಿ ಚೀಲ ಹೊರುವ ಹಮಾಲನಂತೆ. ಅಂಗಿಯ ಹೆಗಲ ಮೇಲೆ ಇನ್ನೂ ಧೂಳಿತ್ತು. ಕೈತೊಳೆದು, ಅರ್ಜಿ ತುಂಬಿ, ಒಳಗೆ ಹೋಗಿ ಮಲಗಿದ. ಸ್ವಲ್ಪ ಹೊತ್ತಿನಲ್ಲಿಯೇ ಹತ್ತಿಯನ್ನು ಒತ್ತಿಹಿಡಿದು ಹೊರಬಂದು ಕಾಫಿ ಕುಡಿಯುತ್ತ ಕುಳಿತ.

ಅಳಿಯ ಐನೂರರ ನೋಟೊಂದನ್ನು ಅವನ ಕಿಸೆಗೆ ತುರುಕಹೋದಾಗ ಅವನು ಕೈ ಹಿಡಿದು ತಡೆದ. ಹಣಕ್ಕೆ ರಕ್ತ ಮಾರುವುದು 1998ರಿಂದ ನಿಷಿದ್ಧವೆಂಬ ಕಾನೂನು ಅವನಿಗೆ ತಿಳಿದಿತ್ತು. ಅದಕ್ಕಿಂತ ಮುಖ್ಯವಾದ ಕಾರಣ ಬೇರೆಯಿತ್ತು. ಹಿಂದಿನ ವರ್ಷ ಅವನ ತಾಯಿ ಇದೇ ಆಸ್ಪತ್ರೆಯಲ್ಲಿದ್ದಾಗ ಯಾರೋ ಮೂವರು ಗುರುತಿಲ್ಲದವರು ಬಂದು ರಕ್ತ ಕೊಟ್ಟು ಹೋಗಿದ್ದರಂತೆ. “ಅವ್ರ ಹೆಸರೂ ಗೊತ್ತಿಲ್ರಿ. ಹೊಳ್ಳಿ ಯಾರಿಗೆ ಕೊಡ್ಲಿ? ಅದಕ್ಕ ಕರದವ್ರಿಗೆ ಕೊಡ್ತೀನಿ” ಎಂದ.

ಆಗ ನಮ್ಮ ಬಾಯಿಂದ ಒಂದು ಮಾತು ಹೊರಬಿತ್ತು. “ಯಾವ ಊರಪ್ಪಾ ನಿಂದು? ಯಾರ ಪೈಕಿ?” ವಾತ್ಸಲ್ಯದಿಂದಲೇ ಕೇಳಿದೆವೆಂದು ನಮ್ಮ ಭಾವನೆ. ಅವನು ಕಪ್ಪನ್ನು ಕೆಳಗಿಟ್ಟು, ಸಿಟ್ಟಿಲ್ಲದೆ, “ಅಜ್ಜಾರ, ಆ ಚೀಲದ ಮ್ಯಾಲೆ ಗುಂಪು, ತಾರೀಕು ಇಷ್ಟ ಬರೀತಾರ್ರಿ. ಅದನ್ನ ಬರೆಯಂಗಿಲ್ಲ” ಎಂದು ಎದ್ದು ನಿಂತ. ನಮಸ್ಕಾರ ಮಾಡಿ ಕೆಲಸಕ್ಕೆ ಹೊರಟುಹೋದ.

ವಸತಿಗೃಹದ ವ್ಯವಸ್ಥಾಪಕರು ನಮ್ಮನ್ನು ಕೇಳಿದ್ದೂ ಇದೇ ಮಾತನ್ನು. ಅಂದು ಅದು ನಮಗೆ ಇರಿಸುಮುರಿಸಾಗಿತ್ತು. ನಾಲ್ಕೇ ದಿನದಲ್ಲಿ ನಾವು ಅದನ್ನೇ, ನಮ್ಮ ಅಕ್ಕನಿಗೆ ರಕ್ತ ಕೊಟ್ಟವನಿಗೆ ಕೇಳಿದೆವು. ಬಸವಣ್ಣನವರು ಎಂಟುನೂರು ವರ್ಷಗಳ ಹಿಂದೆ ಬಿಡಿಸಹೋದುದು ಯಾವ ರೋಗವನ್ನು, ಅದು ನಮ್ಮಂಥವರ ಮೈಯಲ್ಲಿಯೇ ಎಷ್ಟು ಆಳವಾಗಿ ಕುಳಿತಿದೆ ಎಂಬುದು ಆ ಕಟ್ಟೆಯ ಮೇಲೆ ಕುಳಿತಾಗ ತಿಳಿಯಿತು. ಅಂದು ಸಂಜೆಯೇ ವಸತಿಗೃಹಕ್ಕೆ ಹೋಗಿ, ಕೊಪ್ಪಳದ ಆ ರೈತನಿಗೆ ಕೊಠಡಿಯನ್ನು ಕೊಡಿರೆಂದು ಕೇಳಿದೆವು. ನಿಯಮವಿಲ್ಲವೆಂದರು. ಬೀಗದ ಕೈಯನ್ನು ಒಪ್ಪಿಸಿ ಪಡಸಾಲೆಗೆ ಮರಳಿದೆವು. ಸವಣೂರಿನ ಅಜ್ಜಿ ತನ್ನ ಎರಡು ಕೌದಿಗಳಲ್ಲಿ ಒಂದನ್ನು ನಮಗೆ ಕೊಟ್ಟಳು.

ಎರಡು ದಿನಗಳ ಮೇಲೆ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನಡೆಯಿತು. ಆ ತರುಣನ ರಕ್ತ ಅಕ್ಕನ ಮೈ ಸೇರಿತು.

ಕಸಬರಿಗೆಯ ಕಾಯಕ

ಉಳಿದ ದಿನಗಳಲ್ಲಿ ಅಂಗಳವನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆವು. ಬೆಳಿಗ್ಗೆ ಪಡಸಾಲೆ ಗುಡಿಸುವ ತಾಯಿಯೊಬ್ಬಳಿದ್ದಳು. ಮಲಗಿದವರನ್ನು ಗದರಿಸದೆ, ಕಾಲಿನ ಬಳಿ ಕಸಬರಿಗೆಯನ್ನು ಎರಡು ಸಲ ತಟ್ಟಿ ಎಬ್ಬಿಸುವಳು. ಅಂಗಳ ಗುಡಿಸುವುದನ್ನೇ ಕಾಯಕವಾಗಿ ಮಾಡಿಕೊಂಡಿದ್ದ ಶರಣೆ ಸತ್ಯಕ್ಕನ ಹೆಸರನ್ನು ನಾವು ಗೌರವದಿಂದ ಉಚ್ಚರಿಸುತ್ತೇವೆ. ಆದರೆ ಇಂದು ಅದೇ ಕಾಯಕ ಮಾಡುವವಳ ಹೆಸರನ್ನು ಹದಿನೇಳು ದಿನ ಇದ್ದವರಲ್ಲಿ ಎಷ್ಟು ಜನ ಕೇಳಿದರು? ಎಲೆಯಡಿಕೆ ಉಗುಳಿ ಗೋಡೆಯನ್ನು ಕೆಂಪಾಗಿಸುವವರು ನಮ್ಮವರೇ. ಅದನ್ನು ತೊಳೆಯುವವಳು ಅವಳು.

ಮತ್ತೊಂದು ಸಂಗತಿ. ಒಂದು ಹುಣ್ಣಿಮೆಯ ದಿನ ಮೂರು ಬೇರೆ ಬೇರೆ ಭಕ್ತಮಂಡಳಿಗಳು ಒಂದೇ ಹೊತ್ತಿಗೆ ಅನ್ನದ ಪಾತ್ರೆಗಳನ್ನು ತಂದವು. ಎಲ್ಲವೂ ಸದುದ್ದೇಶದಿಂದಲೇ. ಆದರೆ ತಿನ್ನುವವರು ಎಷ್ಟು ತಿಂದಾರು? ಅರ್ಧ ಪಾತ್ರೆ ಚಿತ್ರಾನ್ನ ಸಂಜೆಗೆ ಹಳಸಿತು. ಮರುದಿನ, ಅದರ ಮರುದಿನ ಯಾರೂ ಬರಲಿಲ್ಲ. ಮಾರಯ್ಯನು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದ ಕಥೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಕೊಡುವವನ ಪುಣ್ಯದ ದಿನ ಯಾವುದೆಂದು ನೋಡುವುದಕ್ಕಿಂತ, ಉಣ್ಣುವವನ ಹಸಿವಿನ ದಿನ ಯಾವುದೆಂದು ನೋಡುವುದೇ ದಾಸೋಹ.

ನಮ್ಮ ಮನೆಗಳು ಮಾಡಬಹುದಾದುದು

ಅನುಭವದಿಂದ ತಿಳಿದ ಕೆಲವು ಸಂಗತಿಗಳನ್ನು ವಾಚಕರಿಗೆ ತಿಳಿಸುವುದು ಕರ್ತವ್ಯ. ಆಸ್ಪತ್ರೆಗೆ ಹೊರಡುವಾಗ ಎಷ್ಟೇ ಅವಸರವಿದ್ದರೂ ಪಡಿತರ ಚೀಟಿ, ಆಧಾರ್ ಚೀಟಿ, ಹಿಂದಿನ ಚಿಕಿತ್ಸೆಯ ಕಾಗದಗಳನ್ನು ಒಂದು ಚೀಲದಲ್ಲಿ ಹಾಕಿಕೊಳ್ಳಬೇಕು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವಿದೆ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾಗಿ ನಡುವೆ ನಿಂತಿದ್ದ ಯಶಸ್ವಿನಿ ಯೋಜನೆಯೂ ಮರಳಿ ಬಂದಿದೆ. ಕಾಗದವಿಲ್ಲದೆ ಬಂದು, ಅದನ್ನು ತರಲು ಮತ್ತೆ ಊರಿಗೆ ಓಡಿದವರನ್ನು ನಾವು ದಿನವೂ ಕಂಡೆವು.

ಮನೆಯಲ್ಲಿರುವ ಪ್ರತಿಯೊಬ್ಬರ ರಕ್ತದ ಗುಂಪನ್ನು ಪರೀಕ್ಷೆ ಮಾಡಿಸಿ, ಪೂಜೆಯ ಕೋಣೆಯಲ್ಲಿ ಪಂಚಾಂಗ ತೂಗುಹಾಕುವ ಗೋಡೆಯ ಮೇಲೆ ಬರೆದಿಡಬೇಕು. ಹದಿನೆಂಟು ತುಂಬಿದ ಮಕ್ಕಳಿಗೆ ಹುಟ್ಟುಹಬ್ಬದ ದಿನ ಮೊದಲ ರಕ್ತದಾನ ಮಾಡಿಸಿದರೆ ಅದಕ್ಕಿಂತ ಒಳ್ಳೆಯ ಸಂಸ್ಕಾರ ಬೇರೊಂದಿಲ್ಲ. ಜಾತ್ರೆ, ಪುಣ್ಯಸ್ಮರಣೆ, ಬಸವಜಯಂತಿಗಳಲ್ಲಿ ಶಿಬಿರಗಳು ನಡೆಯುವುದುಂಟು, ಸಂತೋಷ. ಆದರೆ ಕೆಂಪು ರಕ್ತಕಣಗಳು ಶೈತ್ಯದಲ್ಲಿ ಐದಾರು ವಾರಗಳಷ್ಟೇ ಉಳಿಯುತ್ತವೆ. ಪ್ಲೇಟ್‌ಲೆಟ್ಟುಗಳು ಐದೇ ದಿನ. ಒಂದು ದಿನ ನೂರು ಜನ ಕೊಡುವುದಕ್ಕಿಂತ ವಾರಕ್ಕೆ ಇಬ್ಬರಂತೆ ವರ್ಷವಿಡೀ ಕೊಡುವುದು ಹೆಚ್ಚು ಪ್ರಯೋಜನಕಾರಿ. ಪ್ರತಿ ಊರಿನ ಬಳಗವೂ ಇದಕ್ಕೊಂದು ಪಾಳಿಯ ಪಟ್ಟಿಯನ್ನು ಮಾಡಿಕೊಳ್ಳಬಹುದು.

ಇನ್ನು ನಮ್ಮ ಮಠಗಳ, ಸಂಘಗಳ ಕಲ್ಯಾಣಮಂಟಪಗಳು ಮದುವೆಯಿಲ್ಲದ ದಿನಗಳಲ್ಲಿ ಬೀಗ ಹಾಕಿಕೊಂಡೇ ಇರುತ್ತವೆ. ದೊಡ್ಡ ಆಸ್ಪತ್ರೆಗಳಿರುವ ಊರುಗಳಲ್ಲಿ ಅವುಗಳ ಒಂದು ಪಡಸಾಲೆಯನ್ನು ರೋಗಿಗಳ ಕಡೆಯವರಿಗೆ ರಾತ್ರಿ ಮಲಗಲು ತೆರೆದಿಟ್ಟರೆ, ಬೆಳಿಗ್ಗೆ ಸ್ನಾನಕ್ಕೆ ನೀರು ಕೊಟ್ಟರೆ, ಬಳ್ಳಿಗಾವಿಯ ಕೋಡಿಯ ಮಠ ಮತ್ತೆ ಎದ್ದು ನಿಂತಂತೆಯೇ. ಆದರೆ ಬಾಗಿಲಲ್ಲಿ ಆ ಪ್ರಶ್ನೆಯನ್ನು ಕೇಳಬಾರದು. ಕೇಳುವುದಾದರೆ, ರೋಗಿ ಹೇಗಿದ್ದಾರೆ, ಊಟವಾಯಿತೇ ಎಂಬೆರಡು ಮಾತುಗಳನ್ನು ಕೇಳಬಹುದು.

ಮರಳುವಾಗ

ಹದಿನೇಳನೆಯ ದಿನ ಅಕ್ಕನವರನ್ನು ಮನೆಗೆ ಕಳುಹಿಸಿಕೊಟ್ಟರು. ಪಡಸಾಲೆಯಲ್ಲಿ ಆಗ ಹೊಸಬರೇ ಹೆಚ್ಚಾಗಿದ್ದರು. ಕುರಿಗಾರ ಮಗಳನ್ನು ಕರೆದುಕೊಂಡು ಹಿಂದಿನ ವಾರವೇ ಹೋಗಿದ್ದ. ಕೊಪ್ಪಳದ ರೈತನ ಪತ್ನಿ ಬದುಕಲಿಲ್ಲ. ಆಕೆಯನ್ನು ಸಾಗಿಸಿದ ರಾತ್ರಿ ಪಡಸಾಲೆಯ ಜನರೆಲ್ಲ ಕೈಲಾದಷ್ಟು ಹಣ ಕೂಡಿಸಿ ಅವನ ಧೋತರದ ತುದಿಗೆ ಗಂಟುಹಾಕಿ ಕಳುಹಿಸಿದ್ದರು. ಅವನು ವಾಹನ ಏರುವಾಗ ನಾವು ಏನನ್ನೋ ಹೇಳಬೇಕೆಂದು ಹತ್ತಿರ ಹೋದೆವು. ಮಾತು ಬರಲಿಲ್ಲ. ಅವನೇ ನಮ್ಮ ಕೈ ಹಿಡಿದು, “ಅಕ್ಕಾರನ್ನ ಜ್ವಾಕಿ ಮಾಡ್ರಿ ಅಜ್ಜಾರ” ಎಂದ.

ಕೌದಿಯನ್ನು ಮರಳಿ ಕೊಡಹೋದಾಗ ಸವಣೂರಿನ ಅಜ್ಜಿ ತೆಗೆದುಕೊಳ್ಳಲಿಲ್ಲ. ಅಕ್ಕನವರ ಕಾಲಿಗೆ ತಂಪು ತಗಲಬಾರದೆಂದು ವಾಹನದಲ್ಲಿ ತಾನೇ ಹೊದಿಸಿದಳು. ಅದು ಈಗಲೂ ನಮ್ಮ ಅಕ್ಕನ ಮನೆಯಲ್ಲಿದೆ.

ಅಕ್ಕನವರು ಈಗ ಕೋಲೂರಿಕೊಂಡು ಹಿತ್ತಲವರೆಗೆ ನಡೆಯುತ್ತಾರೆ. ಅಳಿಯ ತೊಂಬತ್ತು ದಿನಗಳಿಗೊಮ್ಮೆ ತಪ್ಪದೆ ರಕ್ತ ಕೊಟ್ಟುಬರುತ್ತಾನೆ. ಫೋನಿನಲ್ಲಿ ನೆಪ ಹೇಳಿದ್ದ ಬಂಧುಗಳಲ್ಲಿ ನಾಲ್ವರು ಅವನೊಡನೆ ಹೋಗುತ್ತಿದ್ದಾರೆ. ನಾವು ಕೊಡಲಾರೆವು, ಜೊತೆಗೆ ಹೋಗಿ ಅವರ ಚಪ್ಪಲಿ-ಚೀಲಗಳನ್ನು ಕಾಯುತ್ತ ಹೊರಗೆ ಕೂರುತ್ತೇವೆ. ಆ ವಸತಿಗೃಹದ ಹಿರಿಯರಿಗೆ, ನಡೆದುದೆಲ್ಲವನ್ನೂ ನಮ್ಮ ತಪ್ಪಿನ ಸಹಿತವಾಗಿ ಒಂದು ಪತ್ರದಲ್ಲಿ ಬರೆದು ತಿಳಿಸಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಬರಲೆಂದು ಕಾದಿದ್ದೇವೆ.